ಟಿಪ್ಪು ಸುಲ್ತಾನ್ ರಾಕೆಟ್ ಕಂಡುಹಿಡಿದಿದ್ದು ನಿಜವೇ? ಫಾರ್ವರ್ಡ್‌ನಲ್ಲಿ ಬಿಟ್ಟುಹೋದ ಮುಖ್ಯ ವಿಷಯ ಇಲ್ಲಿದೆ

ಜಗತ್ತಿನ ಮೊದಲ ರಾಕೆಟ್ ತಯಾರಿಸಿದ್ದು ಟಿಪ್ಪು ಸುಲ್ತಾನ್ ಎಂಬ ಮೆಸೇಜ್ ನಿಮ್ಮ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ಅದು ಸರಿಯಲ್ಲ. ಮದ್ದು ತುಂಬಿದ ರಾಕೆಟ್ ಟಿಪ್ಪುವಿಗಿಂತ ಶತಮಾನಗಳ ಹಿಂದೆಯೇ ಚೀನಾದಲ್ಲಿತ್ತು. ಹಾಗಾದರೆ ಟಿಪ್ಪು ಮಾಡಿದ್ದೇನು?

ರಾಕೆಟ್ ಮನೆತನಕ್ಕೆ ಹೊಸದಲ್ಲ

ಟಿಪ್ಪು ಹುಟ್ಟಿದ್ದು 1750ರಲ್ಲಿ, ದೇವನಹಳ್ಳಿಯಲ್ಲಿ. ಅಜ್ಜ ಫತೇ ಮುಹಮ್ಮದ್ ಆರ್ಕಾಟ್ ನವಾಬನ ಬಳಿ 50 ರಾಕೆಟ್ ಸಿಪಾಯಿಗಳ ಮುಖ್ಯಸ್ಥನಾಗಿದ್ದ. ತಂದೆ ಹೈದರ್ ಅಲಿಯ ಕಾಲದಲ್ಲಿ ಮೈಸೂರಿನ ರಾಕೆಟ್‌ಗೆ ಕಬ್ಬಿಣದ ಕೊಳವೆ ಬಂತು. ಕಾಗದ ಅಥವಾ ಬಿದಿರಿನ ಕೊಳವೆ ಹೆಚ್ಚಿನ ಒತ್ತಡಕ್ಕೆ ಒಡೆಯುತ್ತದೆ. ಕಬ್ಬಿಣ ಆ ಒತ್ತಡ ತಡೆಯುವುದರಿಂದ ಮದ್ದನ್ನು ಗಟ್ಟಿಯಾಗಿ ತುಂಬಬಹುದು, ರಾಕೆಟ್ ದೂರ ಹೋಗುತ್ತದೆ.

1767ರ ಮೊದಲ ಮೈಸೂರು ಯುದ್ಧದಲ್ಲೇ ಹದಿಹರೆಯದ ಟಿಪ್ಪು ಕುದುರೆ ದಳ ಮುನ್ನಡೆಸಿದ. 1780ರ ಪೊಲ್ಲಿಲೂರು ಕಾಳಗದಲ್ಲಿ ಇಂಗ್ಲಿಷರ ಮದ್ದಿನ ಬಂಡಿಗಳು ಸ್ಫೋಟಗೊಂಡು ಅವರು ಸೋತಾಗಲೂ ಅಲ್ಲಿದ್ದ.

ರಾಕೆಟ್ ಯಾರ ಕೈಯಲ್ಲಿರಬೇಕು?

1782ರ ಕೊನೆಗೆ ಪಟ್ಟಕ್ಕೆ ಬಂದ ಟಿಪ್ಪು, ಫತಹುಲ್ ಮುಜಾಹಿದೀನ್ ಎಂಬ ಸೇನಾ ಕೈಪಿಡಿ ಬರೆಸಿದ. ಅದರ ಪ್ರಕಾರ ಕುಶೂನ್ ಎಂಬ ಪ್ರತಿ ಕಾಲಾಳು ತುಕಡಿಗೂ 200 ರಾಕೆಟ್ ಸಿಪಾಯಿಗಳು. ಅಂದರೆ ರಾಕೆಟ್ ಹಿಂದೆ ಉಳಿಯುವ ಫಿರಂಗಿಗಳ ಜೊತೆಗಲ್ಲ, ಮುಂದೆ ಹೋಗುವ ಕಾಲಾಳುಗಳ ಜೊತೆಗೇ ಇರಬೇಕು.

ಕಾರಣ ಸರಳ. ಫಿರಂಗಿ ಎಳೆಯಲು ಎತ್ತು ಬೇಕು, ದಾರಿ ಬೇಕು. 1786ರಲ್ಲಿ ಟಿಪ್ಪು ಸಿರುಗುಪ್ಪದ ಪೂರ್ವಕ್ಕಿರುವ ಆದವಾನಿ ಕೋಟೆ ಹಿಡಿದು, ಮಳೆಗಾಲದಲ್ಲಿ ತುಂಬಿದ ತುಂಗಭದ್ರೆ ದಾಟಿದ್ದ. ಅಂಥ ಹೊಳೆಯಲ್ಲಿ ಫಿರಂಗಿ ದಾಟಿಸುವ ಪಾಡು ಕೆಂಚನಗುಡ್ಡದಂಥ ನದಿ ದಂಡೆಯ ಊರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಬಿದಿರಿಗೆ ಕಟ್ಟಿದ ರಾಕೆಟ್‌ಗಳನ್ನಾದರೆ ಮನುಷ್ಯರೇ ಹೊತ್ತು ನಡೆಯಬಹುದು.

ದೋಷವೂ ಇತ್ತು: ಗುರಿ ಖಚಿತವಲ್ಲ. ಕುದುರೆಗಳನ್ನು ಬೆದರಿಸಲು, ಗುಂಪನ್ನು ಚದುರಿಸಲು ರಾಕೆಟ್ ಸಾಕು. ಕೋಟೆ ಗೋಡೆ ಒಡೆಯಲು ಫಿರಂಗಿಯೇ ಬೇಕು.

ಗೆದ್ದ ರಾತ್ರಿ, ಸೋತ ಯುದ್ಧ

ಎರಡೂ 1799ರಲ್ಲಿ ಕಂಡವು. ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಬಳಿಯ ಸುಲ್ತಾನ್‌ಪೇಟೆ ತೋಪಿನಲ್ಲಿ ಬಂದೂಕು, ರಾಕೆಟ್ ದಾಳಿಗೆ ಸಿಕ್ಕಿ ಹಿಮ್ಮೆಟ್ಟಿದವನು ಆರ್ಥರ್ ವೆಲ್ಲೆಸ್ಲಿ, ಮುಂದೆ ನೆಪೋಲಿಯನ್‌ನನ್ನು ಸೋಲಿಸಿದ ಸೇನಾನಿ. ಆದರೆ ಮರುದಿನವೇ ಇಂಗ್ಲಿಷರು ತೋಪು ಹಿಡಿದರು. ಅವರ ಫಿರಂಗಿಗಳು ಕೋಟೆ ಗೋಡೆ ಒಡೆದವು. ಮೇ 4ರಂದು ಟಿಪ್ಪು ಹೋರಾಡುತ್ತಲೇ ಸತ್ತ.

ಇಂಗ್ಲೆಂಡಿಗೆ ಹೋದ ಮೈಸೂರು ರಾಕೆಟ್‌ಗಳನ್ನು ನೋಡಿ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ ಮಾಡಿದ. ಬ್ರಿಟಿಷ್ ಸೇನೆ ಮಾತ್ರ ಅದನ್ನು ಫಿರಂಗಿ ದಳಕ್ಕೆ ಸೇರಿಸಿತು.

ಇಂದಿಗೂ ಅದೇ ಪ್ರಶ್ನೆ

ನಮ್ಮ ಸೇನೆಯಲ್ಲಿ 81 ಮಿ.ಮೀ. ಮಾರ್ಟರ್ ಇರುವುದು ಕಾಲಾಳು ಬೆಟಾಲಿಯನ್ ಬಳಿ. 120 ಮಿ.ಮೀ. ಮಾರ್ಟರ್ ಮತ್ತು ಪಿನಾಕ ರಾಕೆಟ್ ಫಿರಂಗಿ ದಳದ ಬಳಿ. ಹೊತ್ತು ನಡೆಯುವಂಥದ್ದು ಕಾಲಾಳಿಗೆ, ಭಾರದ್ದು ಫಿರಂಗಿ ದಳಕ್ಕೆ ಎಂಬ ಲೆಕ್ಕ.

ಸಾರಾಂಶ: ಟಿಪ್ಪು ರಾಕೆಟ್ ಕಂಡುಹಿಡಿಯಲಿಲ್ಲ. ಅದನ್ನು ಕಾಲಾಳು ಸೇನೆಯ ಖಾಯಂ ಅಸ್ತ್ರವಾಗಿ ಬೆಳೆಸಿದ. ಆ ಮೆಸೇಜ್ ಮತ್ತೆ ಬಂದರೆ ಇಷ್ಟನ್ನು ಸೇರಿಸಿ ಕಳಿಸಿ.