ರಸಬಾಳೆ ಯಾಕೆ ಸೊರಗಿತು ಅಂತ ಕೇಳುವವರು ಬಿ.ಜಿ.ಎಲ್. ಸ್ವಾಮಿಯನ್ನು ಓದಬೇಕು

ನಂಜನಗೂಡು ರಸಬಾಳೆಗೆ ಹೆಸರು ದೊಡ್ಡದು, ತೋಟ ಮಾತ್ರ ಕಮ್ಮಿ. ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ, ಆದರೆ ಪನಾಮಾ ಸೊರಗು ರೋಗ ಅದರ ಬೆನ್ನು ಬಿಟ್ಟಿಲ್ಲ. ಮಣ್ಣಿನಲ್ಲಿರುವ ಫ್ಯುಸೇರಿಯಂ ಅನ್ನೋ ಶಿಲೀಂಧ್ರ ಬೇರಿನಿಂದ ಒಳಹೊಕ್ಕು, ನೀರು ಸಾಗಿಸುವ ನಾಳಗಳನ್ನು ಕಟ್ಟಿಹಾಕುತ್ತದೆ. ಪಕ್ಕದಲ್ಲೇ ಕಪಿಲೆ ಹರಿಯುತ್ತಿದ್ದರೂ ಗಿಡ ಬಾಯಾರಿ ಸಾಯುತ್ತದೆ. ಈ ಬಾಳೆಗೆ ಬೀಜವಿಲ್ಲ, ಕಂದು ನೆಟ್ಟೇ ಬೆಳೆಸಬೇಕು. ಹಾಗಾಗಿ ಒಂದು ಗಿಡಕ್ಕೆ ರೋಗ ತಡೆಯುವ ಶಕ್ತಿ ಇಲ್ಲ ಅಂದ್ರೆ ಉಳಿದವಕ್ಕೂ ಇಲ್ಲ. ರೋಗ ತಗುಲಿದ ಕಂದು ಹೋದ ಕಡೆಗೆಲ್ಲ ರೋಗವೂ ಹೋಗುತ್ತದೆ.

ರೈತರ ಈ ನಷ್ಟ ಅರ್ಥವಾಗಬೇಕಾದರೆ ಗಿಡದ ಒಳಗೆ ಏನಿದೆ, ಅದು ಹೇಗೆ ಕೆಲಸ ಮಾಡತ್ತೆ ಅನ್ನೋದು ಗೊತ್ತಿರಬೇಕು. ಆ ವಿದ್ಯೆಯಲ್ಲಿ ಜಗತ್ತೇ ಗಮನಿಸುವ ಕೆಲಸ ಮಾಡಿ, ಗಿಡಮರಗಳ ಕಥೆಯನ್ನು ಕನ್ನಡದಲ್ಲಿ ನಗಿಸುತ್ತಾ ಹೇಳಿದವರು ಬಿ.ಜಿ.ಎಲ್. ಸ್ವಾಮಿ.

ಅವರು ಹುಟ್ಟಿದ್ದು 1918ರಲ್ಲಿ. ತಂದೆ ಡಿ.ವಿ. ಗುಂಡಪ್ಪ. ಪುಸ್ತಕ, ಪತ್ರಿಕೆ, ಪಂಡಿತರು ಮನೆಗೇ ಬರುತ್ತಿದ್ದ ಬಾಲ್ಯ ಅದು. ಅಂಥ ಅನುಕೂಲ ಎಲ್ಲರಿಗೂ ಇರಲಿಲ್ಲ ಅನ್ನೋದನ್ನ ಮರೆಯಬಾರದು. ಆಗ ಮೈಸೂರು ವಿಶ್ವವಿದ್ಯಾನಿಲಯದ ವಿಜ್ಞಾನ ಪದವಿಗಳ ಕೇಂದ್ರ ಬೆಂಗಳೂರಿನ ಸೆಂಟ್ರಲ್ ಕಾಲೇಜು. ಸ್ವಾಮಿಗೆ ಅದು ಮನೆಯೂರಿನ ಕಾಲೇಜು. ನಂಜನಗೂಡು ಅಥವಾ ತಿ. ನರಸೀಪುರದ ಹುಡುಗನಿಗೆ ಅದು ಊರುಬಿಟ್ಟು ಹೋಗಬೇಕಾದ ದೂರ. ಹುಡುಗಿಯ ಮಾತಂತೂ ಬಿಡಿ.

ಆದರೆ ಸಿಕ್ಕ ಅನುಕೂಲವನ್ನು ಸ್ವಾಮಿ ಹಾಳುಮಾಡಲಿಲ್ಲ. ಆರ್ಕಿಡ್‌ಗಳ ಭ್ರೂಣ ಬೆಳೆಯುವ ಬಗೆಯ ಮೇಲೆ ಕೆಲಸ ಮಾಡಿ ಹೆಸರಾದರು. ನಂತರ ಅಮೆರಿಕದ ಹಾರ್ವರ್ಡ್‌ಗೆ ಹೋಗಿ ಇರ್ವಿಂಗ್ ಬೈಲಿ ಅವರ ಜೊತೆ ಸೇರಿದರು. ಹೂಬಿಡುವ ಗಿಡಗಳು ಮೊದಮೊದಲು ಹೇಗಿದ್ದವು ಅನ್ನೋದು ಅಲ್ಲಿನ ಪ್ರಶ್ನೆ. ಹೂಬಿಡುವ ಬಹುಪಾಲು ಗಿಡಗಳಲ್ಲಿ ನೀರು ಕೊಳವೆಯಂಥ ನಾಳಗಳಲ್ಲಿ ಏರುತ್ತದೆ. ಕೆಲವೇ ಗಿಡಗಳಲ್ಲಿ ಈ ನಾಳಗಳೇ ಇಲ್ಲ. ಅವುಗಳಲ್ಲಿ ನೀರು ತುದಿಮುಚ್ಚಿದ ಕೋಶದಿಂದ ಕೋಶಕ್ಕೆ, ಗೋಡೆಯ ಸಣ್ಣ ಕುಳಿಗಳ ಮೂಲಕ ಸಾಗುತ್ತದೆ. ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾ ದ್ವೀಪದ ಆಂಬೊರೆಲ್ಲಾ ಅಂಥದ್ದೊಂದು ಗಿಡ ಅಂತ 1948ರಲ್ಲಿ ಬೈಲಿ ಮತ್ತು ಸ್ವಾಮಿ ತೋರಿಸಿದರು. ಅರ್ಧ ಶತಮಾನದ ಮೇಲೆ, 1999ರಲ್ಲಿ, ಡಿಎನ್‌ಎ ಅಧ್ಯಯನಗಳು ಬಂದವು. ಹೂಬಿಡುವ ಗಿಡಗಳ ವಂಶವೃಕ್ಷದಲ್ಲಿ ಎಲ್ಲಕ್ಕಿಂತ ಮೊದಲು ಕವಲೊಡೆದ ಕೊಂಬೆಯಲ್ಲಿ ಇರೋದು ಇದೇ ಆಂಬೊರೆಲ್ಲಾ!

ಇವರಿಬ್ಬರ 1951ರ ಪ್ರಬಂಧ ಹೂವಿನ ಅಂಡಾಶಯದ ಬಗ್ಗೆ. ಅವರೆಕಾಯಿಯನ್ನು ಅಂಚಿನಲ್ಲಿ ಬಿಡಿಸಿ ನೋಡಿ: ಉದ್ದಕ್ಕೆ ಮಡಿಸಿದ ಎಲೆಯ ಹಾಗೆ ಕಾಣತ್ತಲ್ಲ? ಹಳೆಯ ಹೂಗಳ ಅಂಡಾಶಯವೂ ಹೀಗೆ ಮಡಿಸಿದ ಎಲೆಯಂಥದ್ದೇ, ಅಂಚುಗಳು ಆಮೇಲೆ ಬೆಸೆದುಕೊಂಡವು ಅನ್ನೋದು ಅವರ ವಾದ. ಅದರ ಮೇಲೆ ಇವತ್ತಿಗೂ ಚರ್ಚೆ ನಡೆಯುತ್ತದೆ. ದಕ್ಷಿಣ ಭಾರತದ ಒಂದು ಗಿಡಕ್ಕೆ ಸ್ವಾಮಿ ಸಾರ್ಕಾಂಡ್ರ ಇರ್ವಿಂಗ್‌ಬೈಲಿಯೈ ಅಂತ ಗುರುವಿನ ಹೆಸರನ್ನೇ ಇಟ್ಟರು.

ಭಾರತಕ್ಕೆ ಮರಳಿದ ಮೇಲೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು, ಪ್ರಾಂಶುಪಾಲರೂ ಆದರು. ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ಯುತ್ತಿದ್ದರು. ಆ ಪ್ರವಾಸಗಳ ಪುಸ್ತಕ 'ಹಸುರು ಹೊನ್ನು' 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಅದರಲ್ಲಿ ಹೂವಿನ ಭಾಗಗಳ ವಿವರವೂ ಇದೆ, ಹುಡುಗರ ತರಲೆಯೂ ಇದೆ. 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ'ದ್ದು ಇನ್ನೊಂದು ಬಗೆಯ ಏಟು. ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊ, ಕಡಲೆಕಾಯಿ ಎಲ್ಲವೂ ಸಮುದ್ರ ದಾಟಿ ಬಂದವು. ತಟ್ಟೆಯಲ್ಲಿ ಶುದ್ಧ ಸಂಸ್ಕೃತಿ ಹುಡುಕುವವರು ಮೊದಲು ಸಾರಿನಿಂದ ಮೆಣಸಿನಕಾಯಿ ತೆಗೆದಿಡಬೇಕಾಗತ್ತೆ! ಅವರ ಎಲ್ಲ ವ್ಯಂಗ್ಯವನ್ನೂ ಒಪ್ಪಬೇಕಿಲ್ಲ. 'ತಮಿಳು ತಲೆಗಳ ನಡುವೆ'ಯಲ್ಲಿ ಅದರ ಮೊನೆ ಒಂದು ಭಾಷೆಯ ಜನರ ಕಡೆಗೇ ತಿರುಗಿದಾಗ ತಕರಾರು ಏಳುವುದು ಸಹಜ.

'ಶಾಸನಗಳಲ್ಲಿ ಗಿಡಮರಗಳು' ಮಾತ್ರ ನಮ್ಮ ಸೀಮೆಯವರು ಓದಲೇಬೇಕಾದ ಪುಸ್ತಕ. ದತ್ತಿ ಕೊಟ್ಟ ಜಮೀನಿನ ಎಲ್ಲೆ ಹೇಳುವಾಗ ಮರಗಳನ್ನು ಗುರುತಾಗಿ ಹೇಳುವುದು ಶಾಸನಗಳ ರೂಢಿ. ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳಲ್ಲಿ ಶಾಸನಗಳಿಗೆ ಬರವಿಲ್ಲ. ರಾಜರ ಬಿರುದುಗಳನ್ನು ದಾಟಿ ಅಲ್ಲಿನ ಮರಗಳನ್ನು ಹುಡುಕಿದರೆ ಊರಿನ ಇನ್ನೊಂದು ಚರಿತ್ರೆ ಸಿಗತ್ತೆ. ಕೊನೆಯ ವರ್ಷಗಳಲ್ಲಿ ಸ್ವಾಮಿ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಸಂದರ್ಶಕ ಪ್ರಾಧ್ಯಾಪಕರಾಗಿದ್ದರು. 1980ರ ನವೆಂಬರ್ 2ರಂದು ತೀರಿಕೊಂಡರು.

ಸಸ್ಯಶಾಸ್ತ್ರ ಓದಿದರೆ ಏನು ಕೆಲಸ ಸಿಗತ್ತೆ ಅನ್ನೋ ಪ್ರಶ್ನೆ ನ್ಯಾಯವಾದದ್ದೇ. ಆದರೆ ಬಾಳೆಯ ಕಾಂಡವನ್ನು ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವವರು ರೈತರ ಮಕ್ಕಳೇ ಆಗಬೇಕು, ಕಂಡದ್ದನ್ನು ಮನೆಯವರಿಗೆ ಅವರ ಮಾತಿನಲ್ಲೇ ಹೇಳುವಂತಾಗಬೇಕು. ಅದಕ್ಕೆ ತಾಲ್ಲೂಕು ಕಾಲೇಜಿನಲ್ಲಿ ಒಳ್ಳೆ ಪ್ರಯೋಗಾಲಯ ಬೇಕು, ಮೇಷ್ಟ್ರು ಬೇಕು, ಕನ್ನಡದಲ್ಲಿ ಪುಸ್ತಕ ಬೇಕು. ಡಿವಿಜಿ ಮಗನಿಗೆ ಸಿಕ್ಕಿದ್ದು ನಂಜನಗೂಡಿನ ಬಾಳೆ ಬೆಳೆಗಾರರ ಮಗಳಿಗೂ ಸಿಗಬೇಕು ಅಂತ ಕೇಳೋದು ದಾನ ಕೇಳಿದಂತಲ್ಲ, ಹಕ್ಕು ಕೇಳಿದಂತೆ.