ಕಾರ್ಲ್ ಮೇಯರ್ ಮತ್ತು ನಮ್ಮ ನಾನಿಯ ಮೊಣಕಾಲು

ನಮ್ಮ ನಾನಿ ಎರಡು ವರ್ಷದಿಂದ ಕುರ್ಚಿಯ ಮೇಲೆ ಕುಳಿತು ನಮಾಜ್ ಮಾಡುತ್ತಾರೆ. ಸಜ್ದಾ ಮಾಡಲು ಮೊಣಕಾಲು ಬಗ್ಗುವುದಿಲ್ಲ. ಇದು ತಮ್ಮದೇ ತಪ್ಪು ಎನ್ನುವಂತೆ ನಾಚಿಕೊಳ್ಳುತ್ತಾರೆ. ಕಳೆದ ತಿಂಗಳು ಡಾಕ್ಟರು ಬರೆದುಕೊಟ್ಟ ಇಂಜೆಕ್ಷನ್ ಚೀಟಿಯಲ್ಲಿ ಹಯಲುರಾನಿಕ್ ಆಮ್ಲ ಎಂದಿತ್ತು. ನಮ್ಮ ಆಪಾ ಮುಖಕ್ಕೆ ಹಚ್ಚುವ ಕ್ರೀಮಿನ ಡಬ್ಬಿಯ ಮೇಲೂ ಅದೇ ಹೆಸರು! ನಾನು ಓದುತ್ತಿರುವುದು ಕಾಮರ್ಸ್. ಆದರೂ ಇದನ್ನು ಕಂಡುಹಿಡಿದವರು ಯಾರೆಂದು ಹುಡುಕಿದೆ.

ಅವರೇ ಕಾರ್ಲ್ ಮೇಯರ್. 1899ರಲ್ಲಿ ಜರ್ಮನಿಯ ಕೆರ್ಪೆನ್ ಎಂಬ ಊರಿನಲ್ಲಿ ಹುಟ್ಟಿದರು. ಮೊದಲು ವೈದ್ಯರಾದರು, ಆಮೇಲೆ ಬರ್ಲಿನ್‌ನಲ್ಲಿ ರಸಾಯನಶಾಸ್ತ್ರ ಓದಿ ಡಾಕ್ಟರೇಟ್ ಪಡೆದರು. 1930ರಲ್ಲಿ ಅಮೆರಿಕಕ್ಕೆ ಹೋದರು. ಅವರು ಯಹೂದಿ. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ತಾಯ್ನಾಡಿನಲ್ಲಿ ಅಂಥ ವಿಜ್ಞಾನಿಗಳಿಗೆ ಜಾಗ ಉಳಿಯಲಿಲ್ಲ. ಅವರು ಅಮೆರಿಕದಲ್ಲೇ ನೆಲೆಸಿದರು.

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಕಣ್ಣಿನ ವಿಭಾಗದಲ್ಲಿ ಅವರ ಕೆಲಸ. 1934ರಲ್ಲಿ ಜಾನ್ ಪಾಮರ್ ಜೊತೆ ಸೇರಿ, ದನದ ಕಣ್ಣಿನೊಳಗಿನ ಲೋಳೆಯಿಂದ ಹಯಲುರಾನಿಕ್ ಆಮ್ಲವನ್ನು ಬೇರ್ಪಡಿಸಿದರು. ಗ್ರೀಕ್ ಭಾಷೆಯಲ್ಲಿ ಹಯಲೋಸ್ ಎಂದರೆ ಗಾಜು. ಹೆಸರು ಬಂದದ್ದು ಅದರಿಂದ. ಮುಂದೆ ಕೀಲುಗಳ ದ್ರವದಲ್ಲೂ ಅದೇ ಪದಾರ್ಥ ಸಿಕ್ಕಿತು. 1953ರಲ್ಲಿ ಅವರ ತಂಡ ದನದ ಕಣ್ಣಿನ ಕಾರ್ನಿಯಾದಲ್ಲಿ ಕೆರಾಟನ್ ಸಲ್ಫೇಟ್ ಎಂಬ ಇನ್ನೊಂದನ್ನು ಕಂಡುಹಿಡಿಯಿತು.

ನನಗೆ ಮುಖ್ಯವೆನಿಸಿದ್ದು 1959ರ ಕೆಲಸ. ಮೇಯರ್ ಮತ್ತು ಕಪ್ಲಾನ್ ಬೇರೆ ಬೇರೆ ವಯಸ್ಸಿನವರ ಪಕ್ಕೆಲುಬಿನ ಮೃದ್ವಸ್ಥಿಯನ್ನು ಪರೀಕ್ಷಿಸಿದರು. ನಮ್ಮ ಕೀಲುಗಳಲ್ಲಿ ಮೂಳೆಯ ತುದಿಗೆ ಮೆತ್ತೆಯಂತೆ ಇರುವುದೂ ಮೃದ್ವಸ್ಥಿಯೇ. ಅದರಲ್ಲಿರುವ ಕಾಂಡ್ರಾಯ್ಟಿನ್ ಸಲ್ಫೇಟ್ ನೀರನ್ನು ಹಿಡಿದಿಡುತ್ತದೆ. ಆದ್ದರಿಂದಲೇ ಮೆತ್ತೆ ಒತ್ತಡ ತಡೆಯುತ್ತದೆ. ಹುಟ್ಟಿದ ಮಗುವಿನಲ್ಲಿ ಇದೇ ಹೆಚ್ಚು, ಕೆರಾಟನ್ ಸಲ್ಫೇಟ್ ಇಲ್ಲವೆನ್ನುವಷ್ಟು ಕಡಿಮೆ. ವಯಸ್ಸಾದಂತೆ ಮೊದಲನೆಯದು ಇಳಿಯುತ್ತದೆ, ಎರಡನೆಯದು ಏರುತ್ತದೆ. ನಮ್ಮ ಲೆಡ್ಜರಿನ ಹಾಗೆ, ಒಂದು ಕಡೆ ಕಡಿಮೆಯಾದದ್ದು ಇನ್ನೊಂದು ಕಡೆ ಕಾಣಿಸುತ್ತದೆ. ಈ ಬದಲಾವಣೆ ಮುಪ್ಪಿನಲ್ಲಿ ಶುರುವಾಗುವುದಲ್ಲ, ಚಿಕ್ಕಂದಿನಿಂದಲೇ ನಡೆಯುತ್ತಿರುತ್ತದೆ.

ಮೇಯರ್ 1990ರಲ್ಲಿ ತೀರಿಕೊಂಡರು. ಆಗ ಅವರಿಗೆ 90 ವರ್ಷ.

ಇದನ್ನೆಲ್ಲ ನಾನಿಗೆ ಉರ್ದುವಿನಲ್ಲಿ ಹೇಳಿದೆ. ಹಾಗಾದರೆ ನಿನ್ನ ಮೊಣಕಾಲಲ್ಲೂ ಶುರುವಾಗಿದೆಯಾ ಎಂದು ಕೇಳಿದರು. ಹೌದು ಎಂದೆ. ನಾನಿ ನಕ್ಕುಬಿಟ್ಟರು. ಅಸರ್ ಹೊತ್ತಿಗೆ ಕುರ್ಚಿ ತಂದುಕೊಡು ಎಂದು ಅವರೇ ನನ್ನನ್ನು ಕರೆದರು. ಮೊದಲು ಹಾಗೆ ಕರೆಯುತ್ತಿರಲಿಲ್ಲ.