ಭೂಕಂಪದ ಸುಳಿವು ಹಿಡಿದ ಜಾಂಗ್ ಹೆಂಗ್

ಇಂದು ಎಲ್ಲಾದರೂ ದೊಡ್ಡ ಭೂಕಂಪವಾದರೆ ಕೆಲವೇ ನಿಮಿಷಗಳಲ್ಲಿ ಪ್ರಪಂಚಕ್ಕೆಲ್ಲ ಸುದ್ದಿ ತಿಳಿಯುತ್ತದೆ. ವಿದ್ಯುತ್ತು, ದೂರವಾಣಿ ಯಾವುದೂ ಇಲ್ಲದ ಕಾಲದಲ್ಲಿ ದೂರದ ಭೂಕಂಪವನ್ನು ತಿಳಿಯುವುದು ಹೇಗೆ? ಸುಮಾರು 1900 ವರ್ಷಗಳ ಹಿಂದೆಯೇ ಇದಕ್ಕೊಂದು ಯಂತ್ರ ಮಾಡಿದವನು ಚೀನಾದ ಜಾಂಗ್ ಹೆಂಗ್.

ಅವನು ಹುಟ್ಟಿದ್ದು ಕ್ರಿ.ಶ. 78ರಲ್ಲಿ, ನಾನ್‌ಯಾಂಗ್ ಪ್ರಾಂತದಲ್ಲಿ. ಚಾಂಗಾನ್ ಮತ್ತು ಲುವೊಯಾಂಗ್ ನಗರಗಳಲ್ಲಿ ಓದಿದ. ಮೊದಲು ಹೆಸರು ಗಳಿಸಿದ್ದು ಕವಿಯಾಗಿ. ಈ ಎರಡು ರಾಜಧಾನಿಗಳನ್ನು ಕುರಿತ ಒಂದು ಕಾವ್ಯಕ್ಕೇ ಹತ್ತು ವರ್ಷ ಶ್ರಮಿಸಿದ. ಗಣಿತ, ಖಗೋಳ ವಿಜ್ಞಾನದಲ್ಲಿ ಅವನಿಗಿದ್ದ ಪಾಂಡಿತ್ಯವನ್ನು ಕೇಳಿ ಚಕ್ರವರ್ತಿ ಅವನನ್ನು ಆಸ್ಥಾನಕ್ಕೆ ಕರೆಸಿದ. ಕ್ರಿ.ಶ. 115ರಲ್ಲಿ ಅವನು ಮುಖ್ಯ ಖಗೋಳಜ್ಞನಾದ.

ಚಂದ್ರನಿಗೆ ಸ್ವಂತ ಬೆಳಕಿಲ್ಲ, ಸೂರ್ಯನ ಬೆಳಕನ್ನೇ ಅದು ಪ್ರತಿಫಲಿಸುತ್ತದೆ ಎಂದು ಜಾಂಗ್ ಹೆಂಗ್ ಬರೆದ. ಆ ಬೆಳಕಿಗೆ ಭೂಮಿ ಅಡ್ಡ ಬಂದಾಗ ಚಂದ್ರಗ್ರಹಣವಾಗುತ್ತದೆ ಎಂದೂ ವಿವರಿಸಿದ. ಸುಮಾರು 2500 ನಕ್ಷತ್ರಗಳನ್ನು ಎಣಿಸಿ, ಅವನ್ನು 124 ಗುಂಪುಗಳಾಗಿ ವಿಂಗಡಿಸಿದ. ನೀರಿನ ಬಲದಿಂದ ತಿರುಗುವ ಆಕಾಶಗೋಲವೊಂದನ್ನೂ ನಿರ್ಮಿಸಿದ.

ಆ ಕಾಲದಲ್ಲಿ ಭೂಕಂಪವೆಂದರೆ ಆಕಾಶದ ಕೋಪ ಎಂದು ಜನ ನಂಬಿದ್ದರು. ದೂರದ ಪ್ರಾಂತದಲ್ಲಿ ಊರುಗಳು ಕುಸಿದರೂ ಸುದ್ದಿ ರಾಜಧಾನಿಗೆ ತಲುಪಲು ಹಲವು ದಿನ ಬೇಕಾಗುತ್ತಿತ್ತು. ಅಲ್ಲಿಯವರೆಗೆ ನೆರವು ಕಳುಹಿಸುವಂತಿರಲಿಲ್ಲ.

ಕ್ರಿ.ಶ. 132ರಲ್ಲಿ ಜಾಂಗ್ ಹೆಂಗ್ ತನ್ನ ಯಂತ್ರವನ್ನು ಆಸ್ಥಾನದ ಮುಂದಿಟ್ಟ. ಅದು ಸುಮಾರು ಎರಡು ಮೀಟರ್ ಅಗಲದ ಕಂಚಿನ ದೊಡ್ಡ ಹಂಡೆಯಂತಿತ್ತು. ಹೊರಮೈಯಲ್ಲಿ ಎಂಟು ದಿಕ್ಕಿಗೆ ಎಂಟು ಡ್ರ್ಯಾಗನ್‌ಗಳು. ಪ್ರತಿಯೊಂದರ ಬಾಯಲ್ಲಿ ಒಂದು ಕಂಚಿನ ಗುಂಡು. ಕೆಳಗೆ ಬಾಯಿ ತೆರೆದು ಕುಳಿತ ಎಂಟು ಕಪ್ಪೆಗಳು! ಒಳಗೆ ನಡುವೆ ಒಂದು ಕಂಬ, ಅದರ ಸುತ್ತ ಸನ್ನೆಗಳು. ನೆಲ ಕಂಪಿಸಿದಾಗ ಕಂಬ ಅಲುಗಿ ಒಂದು ಸನ್ನೆಯನ್ನು ತಳ್ಳುತ್ತಿತ್ತು. ಆಗ ಒಂದೇ ಒಂದು ಡ್ರ್ಯಾಗನ್‌ನ ಬಾಯಿಂದ ಗುಂಡು ಜಾರಿ ಠಣ್ ಎಂದು ಕಪ್ಪೆಯ ಬಾಯಿಗೆ ಬೀಳುತ್ತಿತ್ತು. ಗುಂಡು ಬಿದ್ದ ಕಡೆ ನೋಡಿದರೆ ಕಂಪನ ಬಂದ ದಿಕ್ಕು ತಿಳಿಯುತ್ತಿತ್ತು. ನೆನಪಿಡಿ, ಈ ಯಂತ್ರ ಭೂಕಂಪವನ್ನು ಮುಂಚಿತವಾಗಿ ಹೇಳುತ್ತಿರಲಿಲ್ಲ; ಆದದ್ದನ್ನು ತಿಳಿಸುತ್ತಿತ್ತು.

ಒಮ್ಮೆ ಗುಂಡು ಬಿತ್ತು. ಆದರೆ ರಾಜಧಾನಿ ಲುವೊಯಾಂಗ್‌ನಲ್ಲಿ ಯಾರಿಗೂ ನೆಲ ನಡುಗಿದ ಅನುಭವವಾಗಲಿಲ್ಲ. ಇದೇನು ವಿಚಿತ್ರ ಎಂದು ವಿದ್ವಾಂಸರು ಸಂಶಯಪಟ್ಟರು. ಕೆಲವು ದಿನಗಳ ಬಳಿಕ ದೂತನೊಬ್ಬ ಬಂದ. ನೂರಾರು ಕಿಲೋಮೀಟರ್ ದೂರದ ಲಾಂಗ್‌ಶಿಯಲ್ಲಿ ಭೂಕಂಪವಾಗಿತ್ತು! ಎಲ್ಲರೂ ಬೆರಗಾದರು. ಅಂದಿನಿಂದ ಭೂಕಂಪ ಯಾವ ದಿಕ್ಕಿನಿಂದ ಬಂತೆಂದು ಬರೆದಿಡುವಂತೆ ಅಧಿಕಾರಿಗಳಿಗೆ ಆಜ್ಞೆಯಾಯಿತು.

ಆಧಾರವಿಲ್ಲದ ಭವಿಷ್ಯವಾಣಿಗಳನ್ನು ಜಾಂಗ್ ಹೆಂಗ್ ಒಪ್ಪುತ್ತಿರಲಿಲ್ಲ. ಅಂಥ ಪುಸ್ತಕಗಳನ್ನು ನಿಷೇಧಿಸಬೇಕೆಂದು ಚಕ್ರವರ್ತಿಗೇ ಮನವಿ ಮಾಡಿದ. ಇಂಥ ನೇರ ನಡೆಯವನಿಗೆ ಅರಮನೆಯಲ್ಲಿ ವಿರೋಧಿಗಳು ಹುಟ್ಟಿಕೊಂಡರು. ಕ್ರಿ.ಶ. 136ರಲ್ಲಿ ಅವನು ರಾಜಧಾನಿ ಬಿಟ್ಟು ಹೆಜಿಯಾನ್ ಪ್ರಾಂತದ ಆಡಳಿತಕ್ಕೆ ಹೋದ. ಕ್ರಿ.ಶ. 139ರಲ್ಲಿ ತೀರಿಕೊಂಡ.

ಅವನ ಮೂಲ ಯಂತ್ರ ಈಗ ಉಳಿದಿಲ್ಲ. ಹಳೆಯ ಬರಹಗಳ ವಿವರಣೆಯನ್ನು ಓದಿ ಚೀನಾದ ತಜ್ಞರು ಅದರ ಮಾದರಿಗಳನ್ನು ತಯಾರಿಸಿದ್ದಾರೆ. ಚಂದ್ರನ ಆಚೆ ಬದಿಯ ಒಂದು ಕುಳಿಗೆ ಮತ್ತು 1964ರಲ್ಲಿ ಕಂಡುಹಿಡಿದ ಒಂದು ಕ್ಷುದ್ರಗ್ರಹಕ್ಕೆ ಜಾಂಗ್ ಹೆಂಗ್‌ನ ಹೆಸರನ್ನೇ ಇಡಲಾಗಿದೆ.